ಮೂವತ್ತೆರಡು ಮಕ್ಕಳು

ಬೆಳಿಗ್ಗೆ ಏಳೂವರೆಗೆ ರಘುವೀರ ತಾನು ಎಂದೂ ನೋಡಿರದ ಮೂವತ್ತೆರಡು ಮಕ್ಕಳ ಮುಖಗಳನ್ನು ನೆನಪಿಸಿಕೊಳ್ಳುತ್ತ ಕೂತಿದ್ದ. ನೆನಪಿಸಿಕೊಳ್ಳುವುದೇನು ಬಂತು, ಮಣ್ಣು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಜಮಖಂಡಿಯ ಇದೇ ಮನೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ ಕುಡಿಯುತ್ತ ಒಂದು ಫಾರ್ಮಿನ ಮೇಲೆ ಆ ಮಕ್ಕಳನ್ನು ಅವನೇ ಹುಟ್ಟಿಸಿದ್ದ. ಹಾಜರಿದ್ದವರು ಮೂವತ್ತೆರಡು. ಅದರಲ್ಲಿ ಹುಡುಗಿಯರು ಹದಿನೇಳು. ಪಾಠ ಅರ್ಥವಾದವರು ಇಪ್ಪತ್ತೆಂಟು. ಎಲ್ಲರಿಗೂ ಅರ್ಥವಾಯಿತೆಂದರೆ ದಿಲ್ಲಿಯಲ್ಲಿ ಯಾರೂ ನಂಬಲಿಕ್ಕಿಲ್ಲ ಎಂದು ನಾಲ್ಕು ಮಕ್ಕಳನ್ನು ದಡ್ಡರನ್ನಾಗಿ ಮಾಡಿದ್ದ. ಈಗ ಆ ನಾಲ್ವರ ಬಗ್ಗೆಯೇ ಅವನಿಗೆ ಹೆಚ್ಚು ಪಾಪ ಅನ್ನಿಸುತ್ತಿತ್ತು. ಉಳಿದವರಿಗಾದರೂ ಜಾಣರೆಂಬ ಹೆಸರು ಸಿಕ್ಕಿತ್ತು, ಇವರಿಗೆ ಲೋಕದಲ್ಲೇ ಇಲ್ಲದೆಯೂ ಅವಮಾನ.

ದಿಲ್ಲಿಯ ಸಮಿತಿಯೊಂದು ಇಡೀ ದೇಶಕ್ಕೆ ಹೊಸ ಪಠ್ಯಕ್ರಮ ತಯಾರಿಸುತ್ತಿತ್ತು. ನಾಲ್ಕನೇ ತರಗತಿಯ ಪುಸ್ತಕದಲ್ಲಿ ಕೈಗೆಲಸದ ಪಾಠಗಳಿರಬೇಕು, ಅವನ್ನು ಆಯಾ ಸೀಮೆಯವರೇ ಬರೆಯಬೇಕು, ಬರೆದ ಮೇಲೆ ಒಂದು ಶಾಲೆಯಲ್ಲಿ ಪಾಠ ಮಾಡಿ ನೋಡಿ, ಮಕ್ಕಳು ಏನಂದರು, ಏನು ಕೇಳಿದರು ಎಂದು ಫಾರ್ಮು ತುಂಬಿ ಕಳಿಸಬೇಕು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮೂವತ್ತು ವರ್ಷ ಕಲಿಸಿದ ರಘುವೀರನಿಗೆ ನೇಕಾರಿಕೆಯ ಪಾಠ ಬಂದಿತ್ತು. ನೇಕಾರರ ಊರು ರಬಕವಿ-ಬನಹಟ್ಟಿ ಮಗ್ಗುಲಲ್ಲೇ ಇತ್ತು. ಬಸ್ಸು ಹತ್ತಿದರೆ ಮುಗಿಯಿತು. ಅವನು ಹತ್ತಲಿಲ್ಲ. ಮಳೆ ಇತ್ತು, ನಿಜ. ಸೋಮವಾರವೇ ಕೊನೆಯ ದಿನವಾಗಿತ್ತು, ಅದೂ ನಿಜ. ಆದರೆ ಖರೆ ಕಾರಣ ಬೇರೆ, ಅದು ಅವನಿಗೂ ಗೊತ್ತಿತ್ತು: ನಾನು ಬರೆದದ್ದನ್ನು ನಾಲ್ಕನೇ ಇಯತ್ತೆಯ ಹುಡುಗರೇನು ತಿದ್ದುತ್ತಾರೆ ಎಂಬ ಸೊಕ್ಕು. ಹಾಗಾಗಿ ಮಕ್ಕಳನ್ನೂ ಅವನೇ ಬರೆದ, ಅವರ ಪ್ರಶ್ನೆಗಳನ್ನೂ ಅವನೇ ಬರೆದ. ಬರೆಯುತ್ತ ಸ್ವಲ್ಪ ರಂಗೇರಿ, ಒಬ್ಬ ವಿದ್ಯಾರ್ಥಿನಿಯ ಬಾಯಲ್ಲಿ 'ಬಟ್ಟೆಗೂ ನೆನಪು ಇರುತ್ತದೆಯೇ?' ಎಂಬ ಪ್ರಶ್ನೆ ಹಾಕಿಬಿಟ್ಟ. ಎಡವಟ್ಟಾದದ್ದು ಅಲ್ಲೇ. ದಿಲ್ಲಿಯ ಸಭೆಯಲ್ಲಿ ಆ ಪ್ರಶ್ನೆ ಓದಿದಾಗ ಚಪ್ಪಾಳೆ ಬಿದ್ದಿತ್ತಂತೆ. ಪಾಠದ ಕೊನೆಗೆ ಒಂದು ಚೌಕಟ್ಟಿನಲ್ಲಿ ಆ ಪ್ರಶ್ನೆಯನ್ನೂ ಆ ಹುಡುಗಿಯ ಫೋಟೋವನ್ನೂ ಹಾಕಬೇಕೆಂದು ತೀರ್ಮಾನವಾಗಿ, ಫೋಟೋ ತೆಗೆಯಲು ಸಮಿತಿಯ ಧನಶ್ರೀ ಈ ದಿನ ಬರುತ್ತಿದ್ದಳು. ಇಲ್ಲದ ಹುಡುಗಿಯ ಫೋಟೋ.

"ಹಾಲು ಉಕ್ಕಲಿಕ್ಕತ್ತದ, ನಿಮ್ಮ ಕಣ್ಣಮುಂದನ ಅದ," ಅಂದಳು ಹೆಂಡತಿ ಅಲಕಾ, ಓಡಿಬಂದು ಗ್ಯಾಸು ಆರಿಸುತ್ತ. "ದೇಶದ ಹುಡುಗೂರಿಗೆಲ್ಲಾ ಪಾಠಾ ಬರೀತೀರಿ, ಇದೊಂದು ಬಂದ್ ಮಾಡ್ಲಿಕ್ಕೆ ಬರೂದಿಲ್ಲೇನು?" ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಈಚೆಗೆ ಅವಳ ಬೈಗುಳದಲ್ಲೂ ಅಭಿಮಾನ ಸೇರಿಕೊಂಡಿತ್ತು. ಅವನು ಸಮಿತಿಗೆ ಆಯ್ಕೆಯಾದಾಗ ಊರವರು ಶಾಲು ಹೊದಿಸಿದ ಫೋಟೋ ಟೀವಿಯ ಮೇಲೆ ಇತ್ತು. ಅದರ ಗಾಜನ್ನು ಅವಳು ದಿನಾ ಒರೆಸುತ್ತಾಳೆ. ಹೇಳಿಬಿಡಲೇ ಅಂದುಕೊಂಡ. ಅಲಕಾ, ನಾ ಒಂದು ಸುಳ್ಳು ಬರದೀನಿ. ಅಷ್ಟೇ ನಾಲ್ಕು ಮಾತು. ಅವಳು ಅವಲಕ್ಕಿಯ ತಾಟು ತಂದಿಟ್ಟಳು. ಅವನು ಹಸಿವಿಲ್ಲ ಎಂದು ಎದ್ದ. ನಿನ್ನೆ ಸಂಜೆಯಿಂದ ಅವನ ಹೊಟ್ಟೆಯೊಳಗೆ ಬೇರೇನೂ ಇಳಿಯದಂತೆ ಒಂದು 'ಆತ್ರಿ', ಆಯಿತು ಎಂಬ ಒಂದೇ ಮಾತು, ಕೂತಿತ್ತು. ಅದು ವೈಶಾಲಿಯದು. ಬನಹಟ್ಟಿಯ ಸರ್ಕಾರಿ ಶಾಲೆಯ ಟೀಚರ್, ಹತ್ತು ವರ್ಷದ ಹಿಂದೆ ಇವನ ಕೈಯಲ್ಲೇ ಕಲಿತವಳು. ಜುಲೈಯಲ್ಲಿ ತರಬೇತಿಗೆಂದು ಜಮಖಂಡಿಗೆ ಬಂದಾಗ, ಊಟದ ಸಾಲಿನಲ್ಲಿ ನಿಂತವಳ ಹತ್ತಿರ ಅವನು ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡಿದ್ದ. 'ಇದೊಂದು ಸಹಿ ಬೇಕಾಗೇದ ವೈಶಾಲಿ.' ಅವಳು ಏನು ಎತ್ತ ಕೇಳಿರಲಿಲ್ಲ, ಸರ್ ಅಂದ ಮೇಲೆ ಮುಗಿಯಿತು. ನಿನ್ನೆ ಫೋನು ಮಾಡಿ, ನಾಳೆ ದಿಲ್ಲಿಯವರು ಬರುತ್ತಾರೆ, ಮಕ್ಕಳಿಗೆ ಆ ಪಾಠ ಮೊದಲೇ ಆಗಿದೆ ಎಂದು ಹೇಳಿಕೊಟ್ಟಿರು ಅಂದಾಗ ಆ ಕಡೆ ಮಗ್ಗಗಳ ಸದ್ದಿನ ನಡುವೆ ಅವಳು ಬಾಗಿಲು ಮುಚ್ಚಿಕೊಂಡದ್ದು ಕೇಳಿತ್ತು. ಆಮೇಲೆ, "ಆತ್ರಿ ಸರ." ಅಷ್ಟೇ.

ಒಂಬತ್ತಕ್ಕೆ ಕಾರು ಬಂತು. ಧನಶ್ರೀ ಧಾರವಾಡದವಳು, ದಿಲ್ಲಿಯಲ್ಲಿ ನೌಕರಿ, ಮೂವತ್ತರ ಆಚೀಚೆ. ತೊಡೆಯ ಮೇಲೆ ಬಣ್ಣದಲ್ಲಿ ಅಚ್ಚಾದ ಪಾಠದ ಹಾಳೆಗಳನ್ನು ಇಟ್ಟುಕೊಂಡು ಕೂತಿದ್ದಳು. 'ಸೀರೆ ಹುಟ್ಟುವ ಮನೆ' ಎಂದು ದಪ್ಪ ಅಕ್ಷರದಲ್ಲಿ ಹೆಸರು. ಕೊನೆಯ ಪುಟದಲ್ಲಿ ಚೌಕಟ್ಟು, ಅದರೊಳಗೆ ಫೋಟೋ ಬರುವ ಜಾಗ ಬೆಳ್ಳಗೆ ಖಾಲಿ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆಯುತ್ತ ತೂಗಾಡಿಕೊಂಡು ಹೋಗುತ್ತಿದ್ದವು, ದಾಟಿ ಹೋಗಲು ದಾರಿಯೇ ಕೊಡುತ್ತಿರಲಿಲ್ಲ. ಅವುಗಳಿಂದಾಗಿ ತಡವಾಗಲಿ, ಕಾರು ಕೆಡಲಿ, ಶಾಲೆಗೆ ರಜೆಯಾಗಲಿ ಎಂದು ರಘುವೀರ ಮನಸ್ಸಿನಲ್ಲೇ ಸಣ್ಣ ಹುಡುಗರ ಹಾಗೆ ಹರಕೆ ಹೊರುತ್ತಿದ್ದ. "ಆ ಹುಡುಗಿ ಹೆಸರು ಏನ್ರಿ ಸರ್?" ಎಂದು ಧನಶ್ರೀ ಕೇಳಿದಳು. "ಹೆಸರು ನೆನಪಾಗವಲ್ದು. ನೋಡಿದ್ರ ಗುರ್ತು ಹಿಡೀತೀನಿ," ಅಂದ. ಅಂದ ಮೇಲೆ ತನ್ನ ನಾಲಿಗೆಯ ಸಲೀಸುತನಕ್ಕೆ ತಾನೇ ಹೇಸಿದ. ಸುಳ್ಳು ಹೇಳಲು ಇಷ್ಟು ಛಲೋ ಬರುತ್ತದೆಂದು ಐವತ್ತಾರು ವರ್ಷ ಗೊತ್ತೇ ಇರಲಿಲ್ಲ. ಅಲ್ಲ, ಗೊತ್ತಿತ್ತು. ಒಂಬತ್ತನೇ ವಯಸ್ಸಿನಲ್ಲಿ ಇದೇ ಬನಹಟ್ಟಿಯಲ್ಲಿ ಒಂದು ಹೇಳಿದ್ದ. ಅಪ್ಪ ಪಾಂಡುರಂಗರಾಯರು ಆಗ ಅಲ್ಲಿ ಪೋಸ್ಟ್ ಮಾಸ್ತರರು. ತರಗತಿಯಲ್ಲಿ ಪಕ್ಕಕ್ಕೆ ಕೂರುತ್ತಿದ್ದ ಯಮನಪ್ಪ ಒಂದು ದಿನ ಮಗ್ಗ ತೋರಿಸುತ್ತೇನೆಂದು ಮನೆಗೆ ಕರೆದುಕೊಂಡು ಹೋದ. ನಡುಮನೆಯ ಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು ಯಮನಪ್ಪನ ತಾಯಿ ರುಕ್ಮವ್ವ ಕೂತಿದ್ದಳು. ಅವತ್ತು ಸೀರೆ ಮುಗಿಯುವ ದಿನ. ಅವನ ಕಣ್ಣೆದುರೇ ಅವಳು ಅದನ್ನು ಕತ್ತರಿಸಿದಳು, ಸೀರೆ ಮಡಿಲಿಗೆ ಬಂತು, ಕೆಂಪು ಸೆರಗು. ಆಮೇಲೆ ಅವಳು ಎದ್ದು ಕೈ ತೊಳೆದು, ಮೊದಲ ಸಲ ಮನೆಗೆ ಬಂದ ಹುಡುಗನೆಂದು ಒಂದು ತಾಟಿನಲ್ಲಿ ಒಗ್ಗರಣೆ ಹಾಕಿದ ಚುರುಮುರಿ ತಂದಿಟ್ಟಳು. ಇಂಥವರ ಮನೆಯಲ್ಲಿ ಏನೂ ತಿನ್ನಕೂಡದೆಂದು ಅವ್ವ ಹೇಳಿದ್ದಳು. ಅವನು ತಾಟು ನೋಡಿದ, ರುಕ್ಮವ್ವನ ಮುಖ ನೋಡಿದ, ಹೊಟ್ಟೆ ನೋಯುತ್ತದೆ ಎಂದು ಎದ್ದು ಓಡಿದ. ಮರುದಿನ ಯಮನಪ್ಪ ಬೇರೆ ಬೆಂಚಿಗೆ ಹೋಗಿ ಕೂತ. ಜಗಳವಾಡಲಿಲ್ಲ, ಬೈಯಲಿಲ್ಲ, ಜಾಗ ಬದಲಿಸಿದ ಅಷ್ಟೇ. ಆ ಚುರುಮುರಿಯಲ್ಲಿ ಹಸಿಮೆಣಸಿನಕಾಯಿಯ ಎರಡು ತುಂಡು ಮೇಲೇ ಇದ್ದದ್ದು ರಘುವೀರನಿಗೆ ಇವತ್ತಿಗೂ ಕಾಣುತ್ತದೆ.

ಬನಹಟ್ಟಿಯ ಓಣಿಗೆ ಕಾರು ತಿರುಗಿದ ಕೂಡಲೇ ಎರಡೂ ಕಡೆಯ ಮನೆಗಳಿಂದ ಪವರ್‌ಲೂಮಿನ ಖಟಖಟ ಶುರುವಾಯಿತು. ಶಾಲೆಯೊಳಗೂ ಆ ಸದ್ದು ಬಿಡಲಿಲ್ಲ. ಇಲ್ಲಿಯ ಟೀಚರುಗಳು ಅದರ ಮೇಲೆ ದನಿ ಎತ್ತಿಯೇ ಪಾಠ ಮಾಡುವುದು. ವೈಶಾಲಿ ಬಾಗಿಲಲ್ಲಿ ನಿಂತಿದ್ದಳು. "ಬರ್ರಿ ಮೇಡಂ," ಅಂದಳು ಧನಶ್ರೀಗೆ. ಅವನಿಗೆ ನಮಸ್ಕಾರ ಮಾಡಿದಳು, ಕಣ್ಣು ಮಾತ್ರ ಎತ್ತಲಿಲ್ಲ. ಕೋಣೆಯಲ್ಲಿ ಮಕ್ಕಳು ಎದ್ದು ನಿಂತರು. ನಿಜವಾದ ಮಕ್ಕಳು. ಒಬ್ಬಳ ಜಡೆಯ ರಿಬ್ಬನ್ನು ಬಿಚ್ಚಿತ್ತು, ಒಬ್ಬ ಮೂಗು ಏರಿಸುತ್ತಿದ್ದ, ಇಬ್ಬರು ಕಾಲಿನಲ್ಲೇ ಒಬ್ಬರನ್ನೊಬ್ಬರು ಒದೆಯುತ್ತಿದ್ದರು. ತಾನು ಫಾರ್ಮಿನಲ್ಲಿ ಹುಟ್ಟಿಸಿದವರಿಗೆ ಮೂಗೇ ಇರಲಿಲ್ಲವಲ್ಲ ಎಂದು ರಘುವೀರನಿಗೆ ಅನ್ನಿಸಿತು. ಧನಶ್ರೀ ಪಾಠದ ಹಾಳೆಗಳನ್ನು ಎತ್ತಿ ತೋರಿಸಿ, "ಈ ಪಾಠಾ ಮಳಿಗಾಲದಾಗ ಆಗೇದಲ್ಲ, ನೆನಪದ ಏನ್ರೆಪ್ಪಾ?" ಎಂದಳು. "ಹೂಂ ರೀ ಮೇಡಂ," ಅಂದರು ಎಲ್ಲರೂ ಒಟ್ಟಿಗೆ, ರಾಗ ಎಳೆದು. ಬಚಾವಾದೆ ಅನ್ನಿಸಿದ್ದು ಒಂದು ಗಳಿಗೆ. ಮರುಗಳಿಗೆಗೆ ಅವನಿಗೆ ಆ ರಾಗ ಕೇಳಿಸಿತು. ಇದು ಬೆಳಿಗ್ಗೆ ಕಲಿಸಿದ 'ಹೂಂ'. ತನ್ನ ಸಲುವಾಗಿ ಇಷ್ಟು ಮಕ್ಕಳು ಕೈಕಟ್ಟಿ ನಿಂತು ಸುಳ್ಳು ಹೇಳಿದ್ದರು.

"ಬಟ್ಟಿಗೂ ನೆನಪು ಇರ್ತದೇನು ಅಂತ ಕೇಳಿದಾಕಿ ಯಾರು?" ಧನಶ್ರೀ ಕ್ಯಾಮೆರಾ ಹೊರತೆಗೆದಳು. ಯಾರೂ ಕೈ ಎತ್ತಲಿಲ್ಲ. ಮಕ್ಕಳು ವೈಶಾಲಿಯ ಮುಖ ನೋಡಿದರು, ವೈಶಾಲಿ ಹಲಗೆಯ ಕಡೆ ನೋಡಿದಳು. ನಾಚಿಕೊಂಡಿರಬೇಕೆಂದು ತಿಳಿದ ಧನಶ್ರೀ ಹಾಳೆಗಳನ್ನು ಮುಂದಿನ ಡೆಸ್ಕಿನ ಮೇಲೆ ಹರಡಿ, ಚಿತ್ರ ನೋಡಿ ನೆನಪು ಮಾಡಿಕೊಳ್ಳಿರೆಂದು ಎಲ್ಲರನ್ನೂ ಕರೆದಳು. ಮಕ್ಕಳು ಮುತ್ತಿದರು. ರಿಬ್ಬನ್ ಬಿಚ್ಚಿದ ಹುಡುಗಿ ಎಲ್ಲರ ಕಂಕುಳಡಿಯಿಂದ ತೂರಿ ಮುಂದೆ ಬಂದಳು, ಕೊನೆಯ ಚಿತ್ರದ ಮೇಲೆ ಬೆರಳಿಟ್ಟಳು, ಕಿಸಕ್ಕನೆ ನಕ್ಕಳು. "ಏನಾತು?" ಅಂದಳು ಧನಶ್ರೀ. "ಇದು ತಪ್ಪೈತ್ರಿ," ಅಂದಳು ಹುಡುಗಿ.

ಚಿತ್ರದಲ್ಲಿ ಸೀರೆ ಮಡಚಿ ಇಟ್ಟಿತ್ತು, ಹಿಂದೆ ಕಟ್ಟಿಗೆಯ ಮಗ್ಗ ಒಂದೇ ಒಂದು ಎಳೆಯೂ ಇಲ್ಲದೆ ನಿಂತಿತ್ತು. ಕೆಳಗೆ ರಘುವೀರನದೇ ವಾಕ್ಯ: 'ಸೀರೆ ಮುಗಿಯಿತು. ಬರಿದಾದ ಮಗ್ಗ ಹೊಸ ನೂಲಿಗಾಗಿ ಕಾಯುತ್ತದೆ.' ಆ ವಾಕ್ಯ ಅವನಿಗೆ ಬಹಳ ಇಷ್ಟವಾಗಿತ್ತು. ಹುಡುಗಿಯ ಹೆಸರು ಶೇವಂತಿ. ಅವಳ ತಾಯಿ ಓಣಿಯ ಮಗ್ಗದ ಮನೆಗಳಿಗೆ ಕೆಚ್ಚಲು ಹೋಗುತ್ತಾಳೆ. "ಮಗ್ಗ ಎಂದೂ ಬರಿ ಮಾಡೂದಿಲ್ರಿ ಮೇಡಂ," ಎಂದು ಶೇವಂತಿ ಕೈ ಆಡಿಸುತ್ತ ಹೇಳತೊಡಗಿದಳು. "ಸೀರಿ ಕೊಯ್ದರೂ ಹಾಸಿನ ಉದ್ದನ್ನ ಎಳಿ ಹಂಗ ಇರ್ತಾವ. ಹಾಸು ಪೂರಾ ಮುಗದ್ರೂ ಹಿಂದಿಂದು ಇಷ್ಟುದ್ದ ಬಿಟ್ಟಿರ್ತಾರ್ರಿ." ಮೊಳಕೈಯಿಂದ ಬೆರಳ ತುದಿಯವರೆಗೆ ಅಳತೆ ತೋರಿಸಿದಳು. "ಅದಕ್ಕ ಹೊಸಾ ಎಳಿ ಒಂದೊಂದ ಹಚ್ಚಿ ಹೊಸೀತಾರ, ಬೂದಿ ಹಚಗೊಂಡು. ಅದಽ ಕೆಚ್ಚೂದು. ಹಿಂಗ ಬರಿ ಮಾಡಿದ್ರ ಸಾವಿರಗಟ್ಟಲೆ ಎಳಿ ಮತ್ತ ಮೊದಲಿಂದ ಪೋಣಸಬೇಕಾಗ್ತೈತ್ರಿ, ಯಾರ ಪೋಣಸ್ತಾರ? ಮಗ್ಗಾ ಕಿತ್ತಿ ಮಾರೂ ದಿನಾ ಅಷ್ಟ ಹಿಂಗ ಬರಿ ಇರ್ತೈತಿ." ಹಿಂದಿನಿಂದ ಇನ್ನೊಬ್ಬ ಹುಡುಗ, "ನಮ್ಮ ಅಜ್ಜನ ಮಗ್ಗ ಮಾರಿದಾಗ ಹಿಂಗಽ ಇತ್ರಿ," ಅಂದ. ಐದಾರು ತಲೆಗಳು ಹೌದೆಂದು ಆಡಿದವು. ರಘುವೀರನ ಕಿವಿ ಬಿಸಿಯಾಯಿತು. ಕಿತ್ತು ಮಾರಿದ ಮಗ್ಗವನ್ನು ಅವನು ದೇಶದ ಮಕ್ಕಳಿಗೆಲ್ಲ ಸೀರೆ ಹುಟ್ಟುವ ಮನೆಯೆಂದು ತೋರಿಸಲು ಹೊರಟಿದ್ದ. ಅವತ್ತು ಸೀರೆ ಕತ್ತರಿಸಿದ ಮೇಲೆ ಅವನು ಮಗ್ಗದ ಕಡೆ ತಿರುಗಿ ನೋಡಿರಲೇ ಇಲ್ಲ, ತಾಟು ನೋಡಿದ್ದ, ಬಾಗಿಲು ನೋಡಿದ್ದ. ಉಳಿದದ್ದನ್ನೆಲ್ಲ ನಲವತ್ತೇಳು ವರ್ಷ ತನ್ನ ತಲೆಯಲ್ಲಿ ತಾನೇ ತುಂಬಿಕೊಂಡಿದ್ದ.

ಧನಶ್ರೀ ಕ್ಯಾಮೆರಾ ಕೆಳಗಿಟ್ಟಳು. ದಡ್ಡಿಯಲ್ಲ ಅವಳು. "ಅಲ್ಲ ವೈಶಾಲಿ ಮೇಡಂ," ಅಂದಳು ನಿಧಾನವಾಗಿ, "ಈ ಪಾಠಾ ನೀವು ಆಗಸ್ಟಿನ್ಯಾಗ ಮಾಡಿದ್ರಲ್ಲ? ಅವತ್ತು ಇದನ್ನ ಯಾರೂ ಹೇಳ್ಲಿಲ್ಲೇನು?" ಖಟಖಟ ಸದ್ದು ಕೋಣೆಯ ತುಂಬ ಇತ್ತು. ವೈಶಾಲಿ ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಎರಡು ತುಂಡು ಮಾಡಿದಳು. "ಹೇಳಿದ್ರಿ... ಹುಡುಗೂರು ಹೇಳಿದ್ರು. ನಾನಽ ಬರದು ಕೊಡಾಕ ಮರತೇನಿ. ನನ್ನ ತಪ್ಪು ಮೇಡಂ, ಸರದ್ದಲ್ಲ." ಧನಶ್ರೀ ಪುಸ್ತಕ ತೆರೆದು ಏನೋ ಬರೆದುಕೊಳ್ಳತೊಡಗಿದಳು. ರಘುವೀರ ನೋಡಿದ: ಮೊದಲು ವೈಶಾಲಿಯ ಹೆಸರು ಬಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು. ಒಂದು ಸಲ ತಲೆಯಾಡಿಸಿ, 'ಹೋಗ್ಲಿ ಬಿಡ್ರಿ, ಮರತಾಳ' ಎಂದು ದೊಡ್ಡವನ ಹಾಗೆ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು, ಚಿತ್ರ ತಿದ್ದುತ್ತಿದ್ದರು, ಶಾಲು, ಗಾಜು, ಅಲಕಾಳ ಅಭಿಮಾನ ಎಲ್ಲ ಇದ್ದಲ್ಲೇ ಇರುತ್ತಿತ್ತು. ವೈಶಾಲಿಗೆ ಏನಾಗುತ್ತಿತ್ತು? ಒಂದು ಟಿಪ್ಪಣಿ, ಒಂದು ನೋಟೀಸು. ಬೆಂಚು ಬದಲಿಸಿ ಕೂರುತ್ತಿದ್ದಳು ಅಷ್ಟೇ. ಹೊಟ್ಟೆ ನೋಯುತ್ತಿದೆ ಎಂದು ಎದ್ದುಹೋಗುವಷ್ಟು ಸುಲಭ. ಅವನು ಮುಂದೆ ಬಂದು ಧನಶ್ರೀಯ ಪೆನ್ನಿಗೆ ಕೈ ಅಡ್ಡ ಹಿಡಿದ.

"ಬರೀಬ್ಯಾಡ್ರಿ," ಅಂದ. "ಈ ಪಾಠಾ ಇಲ್ಲೆ ಯಾರೂ ಮಾಡಿಲ್ಲ. ನಾ ಬಂದೇ ಇಲ್ಲ. ಫಾರ್ಮು ಮನ್ಯಾಗ ಕೂತು ತುಂಬೀನಿ. ಮೂವತ್ತೆರಡು ಮಕ್ಕಳೂ ಸುಳ್ಳು, ಆ ಪ್ರಶ್ನೀನೂ ನಂದಽ. ಇವರ ಸಹಿ ಖಾಲಿ ಹಾಳಿ ಮ್ಯಾಲೆ ತೊಗೊಂಡಿದ್ದೆ, ಇವರಿಗೆ ಏನೂ ಗೊತ್ತಿರಲಿಲ್ಲ." ದನಿ ಮಗ್ಗದ ಸದ್ದಿಗಿಂತ ಜೋರಾಗಿಯೇ ಬಂದಿತ್ತು. ಕೊನೆಯ ಸಾಲಿನ ಮಕ್ಕಳೂ ಇವನ ಕಡೆ ನೋಡುತ್ತಿದ್ದರು. ನೆಲ ಬಾಯಿಬಿಡುತ್ತದೆ ಎಂದು ಕಾದ. ಬಿಡಲಿಲ್ಲ. ಯಾವನೋ ಹುಡುಗ ಮೂಗು ಏರಿಸಿದ. ಆಗಸ್ಟಿನಿಂದ ಎದೆಯ ಮೇಲೆ ಮೊಣಕಾಲೂರಿ ಕೂತಿದ್ದ ಯಾರೋ ಎದ್ದುಹೋದ ಹಾಗಾಯಿತು. ಉಸಿರು ಇಷ್ಟು ಒಳಗಿನವರೆಗೆ ಹೋಗುತ್ತದೆಂಬುದು ಅವನಿಗೆ ಮರೆತೇಹೋಗಿತ್ತು. ನಾಚಿಕೆ ಇತ್ತು, ಬೇಕಾದಷ್ಟಿತ್ತು, ಆದರೆ ಅದರ ಕೆಳಗೆಲ್ಲೋ ನಗು ಬರುವ ಹಾಗಿತ್ತು.

ಧನಶ್ರೀ ಬರೆದಿದ್ದ ವೈಶಾಲಿಯ ಹೆಸರನ್ನು ಹೊಡೆದುಹಾಕಿದಳು. ಆಮೇಲೆ, "ಹಳೇ ಫಾರ್ಮು ಹಂಗಽ ಇರ್ತದ ಸರ್, ಅದರ ಮ್ಯಾಲೆ ಈಗ ಹೇಳಿದ್ದು ಬರೀತೀನಿ," ಅಂದಳು. "ನಿಮ್ಮ ಹೆಸರು ಪುಸ್ತಕದಾಗ ಉಳೀತದೋ ಇಲ್ಲೋ ನನ್ನ ಕೈಯಾಗಿಲ್ಲ." "ಬ್ಯಾಡ ಬಿಡ್ರಿ," ಅಂದ ರಘುವೀರ, ಅಂದದ್ದು ಖರೆ ಎಂದು ಅವನಿಗೇ ಆಶ್ಚರ್ಯವಾಯಿತು. "ಪಾಠಾ ಉಳೀಲಿ. ಪುಸ್ತಕ ಇನ್ನೂ ಅಚ್ಚಾಗಿಲ್ಲಲ್ಲ." "ಇಲ್ಲ. ಸಮಯಾ ಅದ," ಅಂದಳು ಅವಳು, ಅವಳ ದನಿಯೂ ಸ್ವಲ್ಪ ಸಡಿಲಾಯಿತು. "ದೇಶಕ್ಕೆಲ್ಲಾ ಹೋಗೂಕಿಂತ ಮೊದಲು ಈಕಿ ನಕ್ಕಳಲ್ಲ, ಅಷ್ಟು ಪುಣ್ಯಾ. ನೀವು ಹಿಂದ ಕೂಡ್ರಿ ಸರ್. ಈಗ ಪಾಠಾ ಮಾಡಿ ನೋಡೂಣು." ಅವನು ಹೋಗಿ ಕೊನೆಯ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತ. ಪಕ್ಕದಿಂದ ಹಾದುಹೋಗುವಾಗ ವೈಶಾಲಿ ನಿಂತಳು. "ನೀವು ಮೊದಲಽ ನನಗ ಒಂದ ಮಾತು ಹೇಳಬೇಕಿತ್ರಿ ಸರ," ಎಂದಳು ಮೆಲ್ಲಗೆ, ಕಣ್ಣು ಕೆಂಪಾಗಿತ್ತು. "ಸಹಿದು ಹೋಗ್ಲಿ. ಮುಂಜಾನೆ ಹುಡುಗೂರಿಗೆ ಎಲ್ಲಾರೂ ಹೂಂ ಅನ್ರಿ ಅಂತ ಕಲಿಸೇನಿ. ಅದಽ ನನಗ ಭಾಳ ಕೆಟ್ಟ ಅನಸಾಕತ್ತೈತಿ." "ತಪ್ಪಾತು ವೈಶಾಲಿ," ಅಂದ. ಅವಳು ಹಲಗೆಯ ಹತ್ತಿರ ಹೋಗಿ ಪಾಠ ಶುರುಮಾಡಿದಳು.

ಪಾಠ ಮುಗಿಯಲು ಒಂದೂವರೆ ತಾಸು ಹಿಡಿಯಿತು, ಏಕೆಂದರೆ ಮಕ್ಕಳು ಪ್ರತಿ ಸಾಲಿಗೂ ತಡೆದರು. ರಘುವೀರ ಬರೆದುಕೊಳ್ಳುತ್ತ ಹೋದ, ಹದಿನಾಲ್ಕು ತಪ್ಪು ಸಿಕ್ಕವು, ಒಂದೊಂದು ಸಿಕ್ಕಾಗಲೂ ಅವನಿಗೆ ಕಳೆದ ಸಾಮಾನು ಸಿಕ್ಕಷ್ಟು ಸಮಾಧಾನವಾಯಿತು. ಕೆಚ್ಚುವುದನ್ನು ತೋರಿಸಲು ಶೇವಂತಿ ಅವನ ಬೆಂಚಿಗೇ ಬಂದಳು, ಎರಡು ಎಳೆ ದಾರ ಹಿಡಿದುಕೊಂಡು. ಬೂದಿ ಇರಲಿಲ್ಲ, ಹಲಗೆಯ ಕೆಳಗಿನ ಸುಣ್ಣದ ಪುಡಿಯನ್ನೇ ಬೆರಳಿಗೆ ಹಚ್ಚಿಕೊಂಡಳು. ತುದಿಗೆ ತುದಿ ಇಟ್ಟು ಒಂದು ಸಲ ಹೊಸೆದು ಮಡಚಿದಳು, ಆಯಿತು. ಎಳೆದರೂ ಬಿಡಲಿಲ್ಲ. ಅವನು ಹೊಸೆದದ್ದು ಬಿಟ್ಟುಕೊಂಡಿತು. ಮತ್ತೆ ಹೊಸೆದ, ಮತ್ತೆ ಬಿಟ್ಟಿತು. ಅವಳು ಅವನ ದಪ್ಪ ಬೆರಳುಗಳನ್ನು ಕನಿಕರದಿಂದ ನೋಡುತ್ತ ಕೇಳಿದಳು, "ಸರ, ನೀವು ಮಗ್ಗಾ ನೋಡೇ ಇಲ್ಲೇನ್ರಿ?"

ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು, ಉತ್ತರಕ್ಕೆ ಕಾಯದೆ ಅವಳು ಓಡಿದಳು. ಧನಶ್ರೀ ಹೊಸ ಫಾರ್ಮು ಕೊಟ್ಟಿದ್ದಳು. ಮಕ್ಕಳೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂತಾಗ ಎಣಿಸಿದ, ಹಾಜರಿದ್ದವರು ಇಪ್ಪತ್ತೇಳು. ಮಕ್ಕಳು ಕೇಳಿದ ಪ್ರಶ್ನೆ ಎಂಬಲ್ಲಿ ಶೇವಂತಿಯ ಹೆಸರು ಬರೆದು, ಅವಳು ಕೇಳಿದ್ದನ್ನು ಅವಳ ಮಾತಿನಲ್ಲೇ ಬರೆದ, ಪುಸ್ತಕದ ಕನ್ನಡಕ್ಕೆ ತಿದ್ದಲಿಲ್ಲ. ಅದರ ಕೆಳಗೆ 'ಕೊಟ್ಟ ಉತ್ತರ' ಎಂದಿತ್ತು. ಪೆನ್ನು ಅಲ್ಲೇ ನಿಂತಿತು. ಮುಂದೆ ಯಾರೋ ತಾಟು ಇಟ್ಟರು. ನೋಡಿದರೆ ಶೇವಂತಿ, ಅನ್ನದ ಮೇಲೆ ಸಾರು ಹಬೆಯಾಡುತ್ತಿತ್ತು. "ಉಣ್ರಿ ಸರ, ಆರತೈತಿ," ಅಂದಳು. ಅವನಿಗೆ ಎಂಥ ಹಸಿವಾಗಿತ್ತೆಂದರೆ ಫಾರ್ಮು ತೊಡೆಯ ಮೇಲೆ ಇರುವಾಗಲೇ ಕಲಸಿ ಉಣ್ಣತೊಡಗಿದ. ಕೊನೆಯ ಅಗುಳಿನವರೆಗೆ ಉಂಡ, ಬಡಿಸುವವಳು ಬಂದು ಬೇಕೇನು ಎಂದಾಗ ಇನ್ನೊಂದು ಸೌಟು ಹಾಕಿಸಿಕೊಂಡ. ಕೈ ತೊಳೆದು ಬಂದು ಉತ್ತರ ಬರೆದ: 'ನೋಡೀನಿ ಶೇವಂತಿ, ಅರ್ಧ. ಒಂಬತ್ತು ವರ್ಷದವನಿದ್ದಾಗ, ಉಳಿದರ್ಧ ನೋಡದೆ ಎದ್ದು ಓಡಿದ್ದೆ.' ಕೆಳಗೆ ಸಹಿ ಮಾಡಿದ. ವೈಶಾಲಿ ಬಂದು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದಳು, ಆಮೇಲೆ ತನ್ನ ಸಹಿ ಹಾಕಿದಳು.

ಫಾರ್ಮಿನ ಮೂಲೆಗೆ ಸಾರು ಚೆಲ್ಲಿ ಹಳದಿ ಕಲೆಯಾಗಿತ್ತು. ಧನಶ್ರೀ ಅದನ್ನು ನೋಡಿ, "ಬ್ಯಾರೆ ಫಾರ್ಮು ಕೊಡ್ಲೇನ್ರಿ ಸರ್? ನೆಟ್ಟಗ ತುಂಬಿಬಿಡ್ರಿ," ಅಂದಳು.

"ಬ್ಯಾಡ," ಅಂದ ರಘುವೀರ. "ಇದಽ ಇರಲಿ. ಇಲ್ಲೆ ಕೂತು ತುಂಬಿದ್ದು ಅಂತ ಗೊತ್ತಾಗ್ತದ."